ಡಬ್ಬಿ ಹಾಲು ಕುಡಿದಿದ್ದಕ್ಕೇ ಟೈಪ್ 1 ಬಂತು ಅಂತಾರೆ, ಎರಡನೇ ಮಗುವಿಗೆ ಏನು ಮಾಡಲಿ?

ಎರಡನೇ ಸಲ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಐದು ವರ್ಷ. ಕಳೆದ ವರ್ಷ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ಇನ್ಸುಲಿನ್ ನಡೀತಿದೆ, ಶಾಲೆಗೆ ಹೋಗ್ತಾನೆ, ಆಡ್ತಾನೆ, ಎಲ್ಲಾ ಸರಿ ಇದೆ. ಈಗ ನಾನು ಏಳು ತಿಂಗಳ ಬಸುರಿ.

ಅವನು ಅವಧಿಗೆ ಮುಂಚೆ ಹುಟ್ಟಿದ ಮಗು. ತೂಕ ಕಡಿಮೆ, ಎದೆ ಹಿಡಿದು ಚೀಪೋ ಶಕ್ತಿ ಇರಲಿಲ್ಲ. ಹಾಲು ಹಿಂಡಿ ಕುಡಿಸಿದೆ. ಅದು ಸಾಲದೆ ಹೋದಾಗ ಡಾಕ್ಟರ್ ಹೇಳಿದಂತೆ ಫಾರ್ಮುಲಾ ಸೇರಿಸಿದೆವು. ಮೂರು ತಿಂಗಳು ದಾಟಿದ ಮೇಲೆ ಪೂರ್ತಿ ಫಾರ್ಮುಲಾನೇ. ಈಗ ನೆಂಟರ ಬಾಯಲ್ಲಿ ಒಂದೇ ಮಾತು, ಎದೆಹಾಲು ಕುಡಿಸಿದ್ರೆ ಹುಡುಗನಿಗೆ ಈ ಗತಿ ಬರ್ತಿರಲಿಲ್ಲ ಅಂತ. ಎದುರಿಗೇ ಹೇಳ್ತಾರೆ, ಅವನ ಕಿವಿಗೂ ಬೀಳುತ್ತೆ. ಮೊನ್ನೆ ಅವನೇ ಕೇಳಿದ, "ಅಮ್ಮ, ನಾನು ಪುಡಿ ಹಾಲು ಕುಡಿದಿದ್ದಕ್ಕಾ ನನಗೆ ಸೂಜಿ?" ಅಂತ.

ನನಗೆ ಸಮಾಧಾನದ ಮಾತು ಬೇಡ, ನಿಜ ಏನು ಅಂತ ಬೇಕು. ಎದೆಹಾಲಿಗೂ ಟೈಪ್ 1ಗೂ ಸಂಬಂಧ ಇದೆಯಾ? ಈ ಸಲವೂ ಹಾಲು ಸಾಲದೆ ಹೋದರೆ ಯಾವ ಫಾರ್ಮುಲಾ ಕೊಡಬೇಕು? ಪ್ರೋಟೀನ್ ಒಡೆದಿರುವ ವಿಶೇಷ ಫಾರ್ಮುಲಾ ಕೊಟ್ಟರೆ ಡಯಾಬಿಟಿಸ್ ಬರಲ್ಲ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಒಂದು ವರ್ಷ ತುಂಬೋವರೆಗೆ ಗೋಧಿ ಮುಟ್ಟಿಸಬೇಡಿ ಅಂದರು. ಯಾವುದನ್ನು ನಂಬಬೇಕೋ ತಿಳೀತಿಲ್ಲ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಟೈಪ್ 1 ಮಗಳ ಅಪ್ಪ

ತಂಗಿ, ಮೊದಲು ನಿಮ್ಮ ಮಗನ ಪ್ರಶ್ನೆಗೆ ಉತ್ತರ: ಅಲ್ಲ. ಪುಡಿ ಹಾಲು ಕುಡಿದಿದ್ದಕ್ಕೆ ಅವನಿಗೆ ಸೂಜಿ ಅಲ್ಲ. ಇದನ್ನು ಅವನಿಗೆ ಇವತ್ತೇ ಹೇಳಿ, ನೆಂಟರ ಎದುರಿಗೇ ಹೇಳಿ.

ನನ್ನ ಮಗಳಿಗೆ ಈ ಕಾಯಿಲೆ ಬಂದು ಎಷ್ಟೋ ವರ್ಷವಾಯಿತು. ಅವಳು ಎರಡು ವರ್ಷ ಎದೆಹಾಲು ಕುಡಿದ ಮಗು. ಒಂದು ಮಗುವಿನ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೇ ದೊಡ್ಡ ಅಧ್ಯಯನಗಳನ್ನು ಹುಡುಕಿ ಓದುತ್ತಾ ಬಂದಿದ್ದೇನೆ.

ಈ ಅನುಮಾನ ಹಳೆಯದು. 1984ರಲ್ಲಿ ಡೆನ್ಮಾರ್ಕಿನ ಸಂಶೋಧಕರು, ಎದೆಹಾಲು ಕುಡಿಸುವುದು ಹೆಚ್ಚಿದ್ದ ಕಾಲದಲ್ಲಿ ಮಕ್ಕಳ ಡಯಾಬಿಟಿಸ್ ಕಡಿಮೆ ಇತ್ತು ಎಂದು ಬರೆದರು. ಅಲ್ಲಿಂದಾಚೆಗೆ ಹಸುವಿನ ಹಾಲಿನ ಪ್ರೋಟೀನ್ ಮೇಲೆ ಎಲ್ಲರ ಕಣ್ಣು. ಎಳೆ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ, ಪ್ರೋಟೀನ್ ಇಡಿಯಾಗಿ ಒಳಗೆ ನುಸುಳಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ, ಕೆರಳಿದ ಅದು ಇನ್ಸುಲಿನ್ ಮಾಡುವ ಮಗುವಿನದೇ ಜೀವಕೋಶಗಳ ಮೇಲೆ ಬೀಳುತ್ತದೆ, ಟೈಪ್ 1 ಬರುವುದು ಹಾಗೆ ಎಂಬ ತರ್ಕ. ಹಾಗಿದ್ದರೆ ಪ್ರೋಟೀನನ್ನು ಮೊದಲೇ ಸಣ್ಣ ಚೂರುಗಳಾಗಿ ಒಡೆದು ಕೊಟ್ಟರೆ ಹೇಗೆ? ನಿಮಗೆ ಯಾರೋ ಹೇಳಿದ ವಿಶೇಷ ಫಾರ್ಮುಲಾ ಇದೇ. 2010ರಲ್ಲಿ ಫಿನ್ಲೆಂಡಿನ 230 ಮಕ್ಕಳ ಒಂದು ಸಣ್ಣ ಪ್ರಯೋಗದಲ್ಲಿ, ಈ ಫಾರ್ಮುಲಾ ಕುಡಿದ ಮಕ್ಕಳಲ್ಲಿ ಡಯಾಬಿಟಿಸ್‌ಗೆ ಮುನ್ಸೂಚನೆಯಾದ ಆಂಟಿಬಾಡಿಗಳು (ರೋಗನಿರೋಧಕ ವ್ಯವಸ್ಥೆ ರಕ್ತಕ್ಕೆ ಬಿಡುವ ಪ್ರೋಟೀನ್‌ಗಳು) ಸುಮಾರು ಅರ್ಧದಷ್ಟು ಕಡಿಮೆ ಕಂಡವು. ನಾವೆಲ್ಲ ಆಗ ತುಂಬಾ ಆಸೆಯಿಂದ ಕಾದೆವು.

ಆಮೇಲೆ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೆಸರು ಟ್ರಿಗರ್. 15 ದೇಶ, 2,159 ಶಿಶುಗಳು. ಎಲ್ಲರ ಮನೆಯಲ್ಲೂ ಅಪ್ಪನಿಗೋ ಅಮ್ಮನಿಗೋ ಒಡಹುಟ್ಟಿದವರಿಗೋ ಟೈಪ್ 1 ಇತ್ತು, ಜೊತೆಗೆ ಮಗುವಿನಲ್ಲೂ ಅಪಾಯದ ಜೀನ್ ಇತ್ತು. ಅಂದರೆ ನಿಮ್ಮ ಎರಡನೇ ಮಗುವಿನಂಥ ಮಕ್ಕಳೇ. ತಾಯಂದಿರು ತಮಗೆ ಆದಷ್ಟು ಕಾಲ ಎದೆಹಾಲು ಕುಡಿಸಿದರು. ಫಾರ್ಮುಲಾ ಬೇಕಾದಾಗ ಲಾಟರಿಯಲ್ಲಿ ಆರಿಸಿದಂತೆ ಅರ್ಧ ಮಕ್ಕಳಿಗೆ ಪ್ರೋಟೀನ್ ಒಡೆದ ಫಾರ್ಮುಲಾ, ಉಳಿದರ್ಧಕ್ಕೆ ಮಾಮೂಲಿ ಹಸುವಿನ ಹಾಲಿನ ಫಾರ್ಮುಲಾ. ಯಾರಿಗೆ ಯಾವುದು ಎಂದು ಮನೆಯವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಸುಮಾರು ಹನ್ನೊಂದೂವರೆ ವರ್ಷ ಆ ಮಕ್ಕಳ ಬೆನ್ನು ಬಿಡದೆ ನೋಡಿದರು. 2018ರಲ್ಲಿ ಲೆಕ್ಕ ಹೊರಬಂತು: ವಿಶೇಷ ಫಾರ್ಮುಲಾ ಗುಂಪಿನಲ್ಲಿ ಶೇ 8.4 ಮಕ್ಕಳಿಗೆ ಟೈಪ್ 1, ಮಾಮೂಲಿ ಗುಂಪಿನಲ್ಲಿ ಶೇ 7.6. ವ್ಯತ್ಯಾಸ ಇಲ್ಲ ಎಂದೇ ಅರ್ಥ.

ನಾನು ಆ ಸುದ್ದಿ ಓದಿದ ದಿನ ಬೇಜಾರಾಯಿತು, ನಿಜ. ತಡೆಯುವ ದಾರಿ ಸಿಗಲಿಲ್ಲವಲ್ಲ ಎಂದು. ಆದರೆ ನಿಮ್ಮಂಥ ತಾಯಂದಿರಿಗೆ ಅದರಲ್ಲಿ ಒಂದು ಉತ್ತರವಿದೆ. ವಿಶೇಷ ಫಾರ್ಮುಲಾಗೆ ದುಡ್ಡು ಸುರಿಯಬೇಡಿ. ಹಸುವಿನ ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಬೇಕು, ಆ ಮಾತು ಬೇರೆ. ಟೈಪ್ 1 ತಡೆಯಲು ಅದು ಉಪಯೋಗಕ್ಕೆ ಬರುವುದಿಲ್ಲ.

ಹಾಲುಣಿಸುವ ಸಲಹೆಗಾರ್ತಿ

ಅಣ್ಣ, ನೀವು ಬರೆದಿದ್ದು ಸರಿ, ಆದರೆ ಓದಿದವರು "ಯಾವ ಹಾಲಾದರೇನು, ಎಲ್ಲಾ ಒಂದೇ" ಅಂದುಕೊಳ್ಳಬಾರದು. ಟ್ರಿಗರ್‌ನಲ್ಲಿ ಹೋಲಿಸಿದ್ದು ಎರಡು ಫಾರ್ಮುಲಾಗಳನ್ನು. ಎದೆಹಾಲನ್ನೂ ಫಾರ್ಮುಲಾವನ್ನೂ ಅಲ್ಲಿ ಎದುರುಬದುರು ಇಟ್ಟಿರಲಿಲ್ಲ. ಹಾಗೆ ಇಡುವುದಕ್ಕೂ ಆಗುವುದಿಲ್ಲ. ನೀನು ಹಾಲು ಕೊಡು, ನೀನು ಕೊಡಬೇಡ ಎಂದು ತಾಯಂದಿರನ್ನು ಲಾಟರಿಯಲ್ಲಿ ಹಂಚುವುದು ಯಾವ ನ್ಯಾಯ?

2017ರಲ್ಲಿ ನಾರ್ವೆ, ಡೆನ್ಮಾರ್ಕ್ ಎರಡೂ ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಸೇರಿಸಿ ನೋಡಿದ ಅಧ್ಯಯನವೊಂದು ಬಂತು. ಎದೆಹಾಲೇ ಕುಡಿಯದ ಮಕ್ಕಳಲ್ಲಿ ಟೈಪ್ 1 ಅಪಾಯ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕುಡಿದವರಿಗಿಂತ ಸುಮಾರು ಎರಡು ಪಟ್ಟು ಕಂಡಿತು. ಇದನ್ನು ಮುಚ್ಚಿಡಬಾರದು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಹೇಳಬೇಕು: ಕುಡಿದ ಮಕ್ಕಳ ಪೈಕಿ ಮೂರು ತಿಂಗಳು ಕುಡಿದರೋ ಹನ್ನೆರಡು ತಿಂಗಳು ಕುಡಿದರೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ.

ತಂಗಿ, ನಿಮ್ಮ ಮಗ ನೀವು ಹಿಂಡಿದ ಹಾಲು ಕುಡಿದವನು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಆ ಹಾಲು ಏನು ಮಾಡುತ್ತದೆ ಎಂಬುದು ನಾನು ದಿನಾ ನೋಡುವ ವಿಷಯ. ಅಂಥ ಮಕ್ಕಳ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ, ತಾಯಿಹಾಲು ಸಿಕ್ಕವರಲ್ಲಿ ಅದು ಬಹಳ ಕಡಿಮೆ. ನಿಮಗೆ ಮಾತನಾಡುವ ನೆಂಟರಿಗೆ ಇದು ಗೊತ್ತೇ ಇರುವುದಿಲ್ಲ. ಚೀಪಲಾರದ ಮಗುವಿಗೆ ಹಿಂಡಿ ಹಿಂಡಿ ಕುಡಿಸುವ ಕಷ್ಟ ಮಾಡಿದವಳಿಗೇ ತಿಳಿಯುವುದು.

ಲೆಕ್ಕದ ಮೇಷ್ಟ್ರು

ಮೇಡಂ ಹೇಳಿದ "ಎರಡು ಪಟ್ಟು" ಎಂಬ ಮಾತಿನ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಜನ ಹೆದರುವುದು ಇಂಥ ಮಾತಿಗೇ.

ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲದ ಮಗುವಿಗೆ ಟೈಪ್ 1 ಬರುವ ಸಂಭವ, ಈ ಕಾಯಿಲೆ ಹೆಚ್ಚಿರುವ ಜನಸಮುದಾಯಗಳಲ್ಲೂ 1,000ಕ್ಕೆ ಮೂರೋ ನಾಲ್ಕೋ. ಅದು ಎರಡು ಪಟ್ಟಾದರೂ 1,000ಕ್ಕೆ ಎಂಟರ ಒಳಗೆ. ಎದೆಹಾಲು ಕುಡಿಯದ 1,000 ಮಕ್ಕಳಲ್ಲಿ 990ಕ್ಕೂ ಹೆಚ್ಚು ಮಕ್ಕಳಿಗೆ ಬರುವುದೇ ಇಲ್ಲ. ಹಾಗಿರುವಾಗ ಒಂದು ಮಗುವನ್ನು ತೋರಿಸಿ "ನಿನಗೆ ಬಂದಿದ್ದು ಇದರಿಂದಲೇ" ಎಂದು ಬೆರಳು ಮಾಡಲು ಯಾವ ಲೆಕ್ಕವೂ ಒಪ್ಪುವುದಿಲ್ಲ.

ಎರಡನೆಯದಾಗಿ, ಎದೆಹಾಲು ಕುಡಿಸದ ಮನೆಗೂ ಕುಡಿಸಿದ ಮನೆಗೂ ಹಾಲೊಂದೇ ವ್ಯತ್ಯಾಸವಲ್ಲ. ಮಗು ಬೇಗ ಹುಟ್ಟಿರಬಹುದು, ಸಿಸೇರಿಯನ್ ಆಗಿರಬಹುದು, ತಾಯಿಗೆ ಕಾಯಿಲೆ ಇರಬಹುದು, ಸ್ವತಃ ತಾಯಿಗೇ ಟೈಪ್ 1 ಇರಬಹುದು. ಟೈಪ್ 1 ಇರುವ ತಾಯಂದಿರಿಗೆ ಹಾಲು ಇಳಿಯುವುದು ತಡವಾಗುತ್ತದೆ, ಬೇಗ ನಿಲ್ಲಿಸುವವರೂ ಹೆಚ್ಚು. ಅವರ ಮಕ್ಕಳಿಗೆ ಜೀನ್ ಮೂಲಕವೂ ಅಪಾಯ ಹೆಚ್ಚು. ಮೇಲಿಂದ ನೋಡಿದವರಿಗೆ "ಹಾಲು ಕುಡಿಯಲಿಲ್ಲ, ಕಾಯಿಲೆ ಬಂತು" ಎಂದು ಕಾಣುತ್ತದೆ. ಒಳ್ಳೆಯ ಅಧ್ಯಯನಗಳು ಇವನ್ನೆಲ್ಲ ಕಳೆದು ಲೆಕ್ಕ ಹಾಕಲು ನೋಡುತ್ತವೆ, ಪೂರ್ತಿ ಕಳೆಯಲು ಯಾರಿಗೂ ಆಗದು. ಇನ್ನು ಹಳೆಯ ಅಧ್ಯಯನಗಳಲ್ಲಿ, ಮಗುವಿಗೆ ಕಾಯಿಲೆ ಬಂದ ಮೇಲೆ ತಾಯಿಯನ್ನು ಕೂರಿಸಿಕೊಂಡು "ಎಷ್ಟು ತಿಂಗಳು ಹಾಲು ಕೊಟ್ಟಿರಿ" ಎಂದು ಕೇಳುತ್ತಿದ್ದರು. ಮನಸ್ಸು ನೊಂದ ತಾಯಿ ತನ್ನ ನೆನಪಿನಲ್ಲಿ ತಪ್ಪನ್ನೇ ಹುಡುಕುತ್ತಾಳೆ.

ಹಸುವಿನ ಹಾಲು ಬೇಡ

ಮೇಷ್ಟ್ರೇ, ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಹಸುವಿನ ಇನ್ಸುಲಿನ್‌ಗೂ ಮನುಷ್ಯರ ಇನ್ಸುಲಿನ್‌ಗೂ ಮೂರೇ ಅಮೈನೋ ಆಮ್ಲದ ವ್ಯತ್ಯಾಸ. ಫಾರ್ಮುಲಾದಲ್ಲಿ ಹಸುವಿನ ಇನ್ಸುಲಿನ್ ಇರುತ್ತೆ. ಮಗುವಿನ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿಕೊಂಡು ಆಮೇಲೆ ತನ್ನ ಇನ್ಸುಲಿನ್ ಮೇಲೇ ತಿರುಗಿಬೀಳುತ್ತೆ. ಫಿನ್ಲೆಂಡಿನವರು ಡಯಾಬಿಟಿಸ್ ಬಂದ ಮಕ್ಕಳ ರಕ್ತದಲ್ಲಿ ಹಸುವಿನ ಹಾಲಿನ ಪ್ರೋಟೀನ್‌ಗೆ ಆಂಟಿಬಾಡಿ ತೋರಿಸಿಲ್ಲವೇ? ಹಾಲು ಮಾರುವವರಿಗೆ ಈ ಮಾತು ಬೇಡ, ಅಷ್ಟೇ.

ಟೈಪ್ 1 ಮಗಳ ಅಪ್ಪ

ಸರ್, ನೀವು ಹೇಳಿದ ಎರಡೂ ಸಂಗತಿ ಇವೆ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ.

1992ರಲ್ಲಿ ಫಿನ್ಲೆಂಡಿನ ಡಯಾಬಿಟಿಸ್ ಮಕ್ಕಳ ರಕ್ತದಲ್ಲಿ ಹಸುವಿನ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಆಂಟಿಬಾಡಿ ಸಿಕ್ಕಿತು ಎಂಬ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಬೇರೆ ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಹಾಗೆ ಬರಲಿಲ್ಲ. ಇನ್ಸುಲಿನ್ ವಿಷಯದಲ್ಲೂ ಪ್ರಯೋಗ ಆಗಿದೆ. ಹಸುವಿನ ಇನ್ಸುಲಿನ್ ತೆಗೆದ ಫಾರ್ಮುಲಾವನ್ನು ಫಿನ್ಲೆಂಡಿನಲ್ಲೇ ಮಕ್ಕಳಿಗೆ ಕೊಟ್ಟರು, 2012ರಲ್ಲಿ ಫಲಿತಾಂಶ ಬಂತು, ಮೂರು ವರ್ಷದ ವಯಸ್ಸಿಗೆ ಆಂಟಿಬಾಡಿ ಕಡಿಮೆ ಕಂಡವು. ಒಳ್ಳೆಯ ಸುಳಿವು, ಒಪ್ಪುತ್ತೇನೆ. ಆದರೆ ಆಂಟಿಬಾಡಿ ಕಡಿಮೆಯಾಗುವುದು ಬೇರೆ, ಕಾಯಿಲೆ ಬಾರದಿರುವುದು ಬೇರೆ. 2010ರ ಸಣ್ಣ ಪ್ರಯೋಗದಲ್ಲೂ ಆಂಟಿಬಾಡಿ ಕಡಿಮೆಯಾಗಿತ್ತು, ಅದೇ ಆಲೋಚನೆ 2,159 ಮಕ್ಕಳ ಮೇಲೆ ನಿಲ್ಲಲಿಲ್ಲ. ಅದೂ ಅಲ್ಲದೆ, ತಾಯಿ ಹಸುವಿನ ಹಾಲು ಕುಡಿದರೆ ಅದರ ಪ್ರೋಟೀನ್ ಅಲ್ಪ ಪ್ರಮಾಣದಲ್ಲಿ ಎದೆಹಾಲಿಗೂ ಬರುತ್ತದೆ.

ಹಾಲು ಮಾರುವವರ ಬಗ್ಗೆ ನಿಮ್ಮ ಕೋಪ ನನಗೂ ಇದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧಿವೇಶನದಲ್ಲಿ ಡಬ್ಬಿ ಹಾಲಿನ ಜಾಹೀರಾತಿಗೆ ಕಡಿವಾಣ ಹಾಕುವ ಸಂಹಿತೆ ಬಂದಿದ್ದು ಸುಮ್ಮನೆ ಅಲ್ಲ. ಆದರೆ ಆ ಕೋಪವನ್ನು ಬಾಣಂತಿಯ ಮೇಲೆ ತೀರಿಸಿಕೊಳ್ಳಬಾರದು. ಈ ತಂಗಿ ಕೇಳಿದ್ದು ತನ್ನ ಮಗುವಿನ ಬಗ್ಗೆ.

ಸೀಲಿಯಾಕ್ ಮಗಳ ತಾಯಿ

ಗೋಧಿ ವಿಷಯಕ್ಕೆ ನಾನು ಬರೆಯುತ್ತೇನೆ ಅಕ್ಕ. ನನ್ನ ಮಗಳಿಗೆ ಸೀಲಿಯಾಕ್. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನ ಕರುಳನ್ನೇ ಕೆಡಿಸಿಕೊಳ್ಳುತ್ತೆ. ಅವಳಿಗೆ ಕಾಯಿಲೆ ಗೊತ್ತಾದಾಗಿಂದ ನನಗೂ ಇದೇ ಪ್ರಶ್ನೆ ಕೊರೀತಿತ್ತು: ಗೋಧಿ ಬೇಗ ಕೊಟ್ಟೆನಾ? ತಡವಾಗಿ ಕೊಟ್ಟೆನಾ?

ಇದಕ್ಕೆ ಸ್ವೀಡನ್ನಿನ ಕಥೆ ಎಲ್ಲರೂ ತಿಳಿಯಬೇಕು. 1982ರಲ್ಲಿ ಅಲ್ಲಿ, ಗ್ಲುಟೆನ್ ಇರುವ ಆಹಾರವನ್ನು ನಾಲ್ಕು ತಿಂಗಳಿಗೆ ಬದಲು ಆರು ತಿಂಗಳಿಗೆ ಶುರು ಮಾಡಿ ಅಂತ ಸಲಹೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರು ಎದೆಹಾಲು ಬಿಡಿಸಿರುತ್ತಿದ್ದರು. ಅದೇ ಸಮಯಕ್ಕೆ ಮಕ್ಕಳ ಗಂಜಿ ಪುಡಿಗಳಲ್ಲಿ ಗ್ಲುಟೆನ್ ಪ್ರಮಾಣವೂ ಏರಿತ್ತು. ಹೀಗಾಗಿ ಮಗುವಿಗೆ ಒಮ್ಮೆಗೇ ಜಾಸ್ತಿ ಗೋಧಿ, ಅದೂ ಎದೆಹಾಲು ನಿಂತ ಮೇಲೆ. 1980ರ ದಶಕದ ಮಧ್ಯದಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸೀಲಿಯಾಕ್ ನಾಲ್ಕು ಪಟ್ಟಾಯಿತು. ಇದೊಂದು ಸಾಂಕ್ರಾಮಿಕದ ಹಾಗೆ ಅಂತ ಅಲ್ಲಿನ ಡಾಕ್ಟರುಗಳೇ ಬರೆದರು. 1996ರಲ್ಲಿ ಸಲಹೆ ಬದಲಾಯಿತು: ನಾಲ್ಕು ತಿಂಗಳಿಂದ, ಎದೆಹಾಲು ಕುಡಿಸುತ್ತಲೇ, ಸ್ವಲ್ಪ ಸ್ವಲ್ಪ ಕೊಡಿ ಅಂತ. ಚಿಕ್ಕ ಮಕ್ಕಳಲ್ಲಿ ಕಾಯಿಲೆ ಸರ್ರನೆ ಇಳಿಯಿತು.

ಇದನ್ನು ನೋಡಿ ಎಲ್ಲರೂ ನಂಬಿದ್ದು, ಎದೆಹಾಲಿನ ಜೊತೆ ಸರಿಯಾದ ತಿಂಗಳಲ್ಲಿ ಗೋಧಿ ಕೊಟ್ಟರೆ ಸೀಲಿಯಾಕ್ ಬರಲ್ಲ ಅಂತ. 2014ರಲ್ಲಿ ಒಟ್ಟಿಗೇ ಎರಡು ಪ್ರಯೋಗಗಳ ಫಲಿತಾಂಶ ಬಂತು. ಪ್ರಿವೆಂಟ್‌ಸಿಡಿ ಅನ್ನೋ ಯುರೋಪಿನ ಪ್ರಯೋಗದಲ್ಲಿ 944 ಮಕ್ಕಳು, ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳಿಂದ ಆರು ತಿಂಗಳವರೆಗೆ ದಿನಕ್ಕೆ 100 ಮಿಲಿಗ್ರಾಂ ಗ್ಲುಟೆನ್. ಉಳಿದವರಿಗೆ ಗ್ಲುಟೆನ್ ಇಲ್ಲದ ಪುಡಿ. ಮೂರು ವರ್ಷಕ್ಕೆ ವ್ಯತ್ಯಾಸ ಇಲ್ಲ. ಎದೆಹಾಲು ಕುಡಿಸಿದ್ದರಿಂದಲೂ ವ್ಯತ್ಯಾಸ ಇಲ್ಲ. ಇಟಲಿಯ ಪ್ರಯೋಗದಲ್ಲಿ ಆರನೇ ತಿಂಗಳಿಗೆ ಶುರು ಮಾಡಿದವರನ್ನೂ ಹನ್ನೆರಡನೇ ತಿಂಗಳಿಗೆ ಶುರು ಮಾಡಿದವರನ್ನೂ ಹೋಲಿಸಿದರು. ಎರಡು ವರ್ಷಕ್ಕೆ ತಡವಾಗಿ ಕೊಟ್ಟವರಲ್ಲಿ ಕಡಿಮೆ ಇತ್ತು. ಐದು ವರ್ಷಕ್ಕೆ ಎರಡೂ ಕಡೆ ಶೇ 16. ಅಂದರೆ ಒಂದು ವರ್ಷದವರೆಗೆ ಗೋಧಿ ಬಿಟ್ಟಿದ್ದರಿಂದ ಕಾಯಿಲೆ ಮುಂದಕ್ಕೆ ಹೋಯಿತೇ ಹೊರತು ತಪ್ಪಲಿಲ್ಲ. ಮಗು ಹುಟ್ಟುವಾಗಲೇ ತಂದ ಜೀನ್ ಇದೆಯಲ್ಲ, ಎಲ್ಲಕ್ಕಿಂತ ಜೋರಾಗಿದ್ದು ಅದೇ.

ಹಾಗಾದರೆ ಸ್ವೀಡನ್ನಿನಲ್ಲಿ ನಡೆದಿದ್ದೇನು? 1993ರಲ್ಲಿ ಹುಟ್ಟಿದವರನ್ನೂ 1997ರಲ್ಲಿ ಹುಟ್ಟಿದವರನ್ನೂ ಹನ್ನೆರಡನೇ ವಯಸ್ಸಿಗೆ ರಕ್ತ ಪರೀಕ್ಷೆ ಮಾಡಿ ನೋಡಿದರು. ಮೊದಲ ಗುಂಪಿನಲ್ಲಿ ಶೇ 2.9, ಎರಡನೇ ಗುಂಪಿನಲ್ಲಿ ಶೇ 2.2. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ನಾಲ್ಕು ಪಟ್ಟು ಎಲ್ಲಿ? ನನಗನ್ನಿಸೋದು, ತಿಂಗಳಿಗಿಂತ ಪ್ರಮಾಣ ಮುಖ್ಯ. ಟೆಡ್ಡಿ ಅನ್ನೋ ಅಧ್ಯಯನ 2019ರಲ್ಲಿ, ಜೀನ್ ಅಪಾಯ ಇರುವ 6,600 ಮಕ್ಕಳನ್ನು ನೋಡಿ, ಮೊದಲ ಐದು ವರ್ಷದಲ್ಲಿ ಗ್ಲುಟೆನ್ ಜಾಸ್ತಿ ತಿಂದವರಲ್ಲಿ ಸೀಲಿಯಾಕ್ ಅಪಾಯ ಹೆಚ್ಚು ಅಂತ ಹೇಳಿತು. ಇದಕ್ಕೆ ತದ್ವಿರುದ್ಧವಾಗಿ 2020ರಲ್ಲಿ ಇಂಗ್ಲೆಂಡಿನ ಈಟ್ ಪ್ರಯೋಗ ಬಂತು. ನಾಲ್ಕು ತಿಂಗಳಿಂದಲೇ ಹೆಚ್ಚು ಗೋಧಿ ಕೊಟ್ಟ 488 ಮಕ್ಕಳಲ್ಲಿ ಯಾರಿಗೂ ಸೀಲಿಯಾಕ್ ಇಲ್ಲ, ಆರು ತಿಂಗಳ ನಂತರ ಕೊಟ್ಟ 516 ಮಕ್ಕಳಲ್ಲಿ 7 ಜನರಿಗೆ ಇತ್ತು. ಸಂಖ್ಯೆ ಸಣ್ಣದು, ಅದರ ಮೇಲೆ ಮನೆ ಕಟ್ಟೋಕಾಗಲ್ಲ. ಇಷ್ಟು ಓದಿದ ಮೇಲೆ ನಾನು ನನ್ನನ್ನು ಕೇಳಿಕೊಳ್ಳೋದು ಬಿಟ್ಟೆ. ಪ್ರಪಂಚದ ದೊಡ್ಡ ಸಂಶೋಧಕರಿಗೇ ಸಿಗದ ತಿಂಗಳು ನನಗೆ ಅಡುಗೆಮನೆಯಲ್ಲಿ ಹೇಗೆ ಸಿಗಬೇಕಿತ್ತು?

ಮೂರು ತಿಂಗಳ ಕೂಸಿನ ಅಪ್ಪ

ಕಡಲೆಕಾಯಿ ಬೇಗ ಕೊಟ್ಟರೆ ಒಳ್ಳೆಯದು ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ. ಗೋಧಿಗೂ ಅದೇ ನಿಯಮವಲ್ಲವೇ? ಕೀಲುವಾತ, ಕರುಳುಬೇನೆ ಇಂಥವಕ್ಕೂ ಹಾಲಿಗೂ ಸಂಬಂಧ ಇದೆಯೇ? ನನ್ನ ಹೆಂಡತಿಗೆ ಕೀಲುವಾತ ಇದೆ, ಅದಕ್ಕೆ ಕೇಳಿದೆ.

ಮಕ್ಕಳ ವೈದ್ಯೆ

ಇಷ್ಟು ಹೊತ್ತು ಓದುತ್ತಿದ್ದೆ. ಬಹುಪಾಲು ಸರಿಯಾಗಿಯೇ ಬರೆದಿದ್ದೀರಿ. ಕೆಲವು ಸೇರಿಸುತ್ತೇನೆ.

ಮೊದಲು ಈ ಪ್ರಶ್ನೆ. ಅಲರ್ಜಿ ಬೇರೆ, ಆಟೋಇಮ್ಯೂನ್ ಬೇರೆ. ಅಲರ್ಜಿಯಲ್ಲಿ ದೇಹ ಹೊರಗಿನ ವಸ್ತುವಿನ ಮೇಲೆ ಅತಿಯಾಗಿ ಹಾಯುತ್ತದೆ. ಆಟೋಇಮ್ಯೂನ್ ಕಾಯಿಲೆಯಲ್ಲಿ ತನ್ನದೇ ಅಂಗದ ಮೇಲೆ ಹಾಯುತ್ತದೆ. ಕಡಲೆಕಾಯಿ ಬೇಗ ಕೊಟ್ಟರೆ ಕಡಲೆಕಾಯಿ ಅಲರ್ಜಿ ಬಹಳ ಕಡಿಮೆಯಾಗುತ್ತದೆ ಎಂಬುದು 2015ರ ಲೀಪ್ ಪ್ರಯೋಗದಿಂದ ಗಟ್ಟಿಯಾಗಿ ಗೊತ್ತಾಗಿದೆ. ಆ ನಿಯಮವನ್ನು ಟೈಪ್ 1ಕ್ಕೋ ಸೀಲಿಯಾಕ್‌ಗೋ ಎಳೆದು ತರಬಾರದು. ಮಕ್ಕಳ ಕೀಲುವಾತದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕ್ರೋನ್ಸ್‌ನಂಥ ಕರುಳಿನ ಉರಿಯೂತಗಳು ಎದೆಹಾಲು ಕುಡಿದವರಲ್ಲಿ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅವಕ್ಕೂ ಲೆಕ್ಕದ ಮೇಷ್ಟ್ರು ಹೇಳಿದ ಮಿತಿಯೇ ಇದೆ.

ಇನ್ನು ಪ್ರಶ್ನೆ ಕೇಳಿದ ತಾಯಿಗೆ. ನಿಮ್ಮ ಎರಡನೇ ಮಗುವಿಗೆ ಟೈಪ್ 1 ಬರುವ ಸಂಭವ ಸುಮಾರು 100ರಲ್ಲಿ 5. ಅಂದರೆ 95 ಪಾಲು ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದಾಗಲೂ ಇನ್ನೊಬ್ಬರಿಗೆ ಎಷ್ಟೋ ಸಲ ಬರುವುದಿಲ್ಲ. ಆದ್ದರಿಂದ ಜೀನ್ ಒಂದೇ ಕಾರಣವಲ್ಲ. ಕಾಕ್ಸಾಕಿಯಂಥ ಕರುಳಿನ ವೈರಸ್‌ಗಳ ಮೇಲೆ ಬಲವಾದ ಅನುಮಾನವಿದೆ, ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆಯೂ ಸಂಶೋಧನೆ ನಡೆಯುತ್ತಿದೆ. ಇವುಗಳ ಪೈಕಿ ಯಾವುದೂ ತಾಯಿಯ ಕೈಯಲ್ಲಿ ಇರುವಂಥದ್ದಲ್ಲ.

ಎದೆಹಾಲು ಕೊಡಿ. ಅದಕ್ಕೆ ಡಯಾಬಿಟಿಸ್ ಭಯ ಕಾರಣ ಆಗಬೇಕಿಲ್ಲ. ಭೇದಿ, ನ್ಯುಮೋನಿಯಾ, ಕಿವಿಯ ಸೋಂಕು ಇವನ್ನು ಎದೆಹಾಲು ತಡೆಯುತ್ತದೆ, ಇದರಲ್ಲಿ ಅನುಮಾನ ಇಲ್ಲ. ಬೆಲಾರುಸ್‌ನಲ್ಲಿ 1996ರಿಂದ 17,000ಕ್ಕೂ ಹೆಚ್ಚು ತಾಯಿ-ಮಕ್ಕಳನ್ನು ಸೇರಿಸಿಕೊಂಡು ನಡೆದ ಪ್ರೋಬಿಟ್ ಪ್ರಯೋಗದಲ್ಲಿ, ಹಾಲುಣಿಸಲು ಚೆನ್ನಾಗಿ ನೆರವು ಕೊಟ್ಟ ಆಸ್ಪತ್ರೆಗಳ ಮಕ್ಕಳಲ್ಲಿ ಮೊದಲ ವರ್ಷ ಹೊಟ್ಟೆಯ ಸೋಂಕು ಕಡಿಮೆಯಾಯಿತು. ತಾಯಿಗೂ ಸ್ತನ ಕ್ಯಾನ್ಸರ್ ಅಪಾಯ ಇಳಿಯುತ್ತದೆ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇವೆಲ್ಲದರ ಆಧಾರದ ಮೇಲೆ. ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ, ಆದ್ದರಿಂದ ದಿನಕ್ಕೆ 400 ಐಯು ಹನಿ ಹಾಕುವುದು ಮೂಳೆಗೆ ಬೇಕು. ಅದನ್ನು ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ.

ಹಾಲು ಸಾಲದೆ ಹೋದರೆ ಮಾಮೂಲಿ ಫಾರ್ಮುಲಾ ಕೊಡಿ. ಡಬ್ಬಿಯ ಮೇಲೆ ಬರೆದ ಅಳತೆಗೇ ಕಲಸಿ, ನೀರು ಹೆಚ್ಚು ಹಾಕಿ ತೆಳು ಮಾಡಬೇಡಿ. ಒಂದು ವರ್ಷದೊಳಗೆ ಬರೀ ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ, ಅದರಿಂದ ರಕ್ತಹೀನತೆ ಬರುತ್ತದೆ. ಇದಕ್ಕೂ ಆಟೋಇಮ್ಯೂನ್‌ಗೂ ಸಂಬಂಧವಿಲ್ಲ.

ಗೋಧಿಯನ್ನು ನಾಲ್ಕು ತಿಂಗಳಿಗೆ ಮುಂಚೆ ಬೇಡವೇ ಬೇಡ. ಅಷ್ಟು ಬೇಗ ಧಾನ್ಯ ಕೊಟ್ಟ ಮಕ್ಕಳಲ್ಲಿ ಡಯಾಬಿಟಿಸ್ ಆಂಟಿಬಾಡಿ ಹೆಚ್ಚು ಎಂದು 2003ರಲ್ಲಿ ಜರ್ಮನಿಯಿಂದಲೂ ಅಮೆರಿಕದಿಂದಲೂ ವರದಿಗಳು ಬಂದವು. ಹಾಗೆಂದು ಒಂದು ವರ್ಷದವರೆಗೆ ತಡೆಹಿಡಿಯುವುದರಿಂದಲೂ ಲಾಭ ಇಲ್ಲ. ಟೈಪ್ 1 ಮನೆಗಳ 150 ಶಿಶುಗಳಲ್ಲಿ ಜರ್ಮನಿಯವರು ಅದನ್ನೇ ಪ್ರಯೋಗ ಮಾಡಿ ನೋಡಿದರು, ಆಂಟಿಬಾಡಿ ಕಡಿಮೆಯಾಗಲಿಲ್ಲ. ಯುರೋಪಿನ ಮಕ್ಕಳ ಜಠರ ತಜ್ಞರ ಸಂಘ 2016ರಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳ ನಡುವೆ ಯಾವಾಗ ಬೇಕಾದರೂ ಶುರು ಮಾಡಬಹುದು, ಮೊದಲ ವಾರಗಳಲ್ಲಿ ಹೆಚ್ಚು ಕೊಡಬೇಡಿ ಎಂದಿದೆ. ಆರು ತಿಂಗಳು ತುಂಬಿ ಬೇರೆ ಆಹಾರ ಶುರು ಮಾಡುವಾಗ ಗೋಧಿಯೂ ಸ್ವಲ್ಪ ಸ್ವಲ್ಪವೇ ಸೇರಲಿ.

ಹಾಲುಣಿಸುವ ಸಲಹೆಗಾರ್ತಿ

ತಂಗಿ, ಈ ಮಗುವೂ ಬೇಗ ಹುಟ್ಟಿದರೆ ಎಂಬ ಯೋಚನೆ ನಿಮಗೆ ಇದ್ದೇ ಇರುತ್ತದೆ. ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ: ಮಗುವನ್ನು ಎದೆಗೆ ಒರಗಿಸಿ ಇಟ್ಟುಕೊಳ್ಳಲು ಬಿಡುತ್ತಾರಾ, ಹಾಲು ಹಿಂಡಲು ಪಂಪ್ ಕೊಡುತ್ತಾರಾ, ದಾನಿಗಳ ಹಾಲಿನ ಬ್ಯಾಂಕ್ ಇದೆಯಾ. ಮಗು ಚೀಪದಿದ್ದರೆ ಹುಟ್ಟಿದ ಮೊದಲ ಗಂಟೆಗಳಲ್ಲೇ ಹಿಂಡಲು ಶುರು ಮಾಡಿ. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮೊದಲ ಎರಡು ದಿನ ಹನಿ ಹನಿಯೇ ಬರುವುದು, ಆ ಗಿಣ್ಣುಹಾಲಿನ ಒಂದು ಚಮಚವೂ ವ್ಯರ್ಥವಲ್ಲ. ಇದೆಲ್ಲ ಮಾಡಿಯೂ ಸಾಲದೆ ಹೋದರೆ ಫಾರ್ಮುಲಾ ಇದೆ. ಮಗು ಹಸಿದಿರಬಾರದು.

ಎರಡನೇ ಸಲ ಅಮ್ಮ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನನ್ನ ಗಂಡನಿಗೂ ಓದಿ ಹೇಳಿದೆ. ಮಗನಿಗೆ ಹೇಳಿದ್ದಾಯ್ತು, "ಪುಡಿ ಹಾಲಿನಿಂದ ಅಲ್ಲ ಕಂದ" ಅಂತ. ಸರಿ ಅಂದು ಆಡೋಕೆ ಓಡಿದ.

ಮತ್ತೆರಡು ಪ್ರಶ್ನೆ ಇದೆ. ಹುಟ್ಟೋ ಮಗುವಿಗೆ ಆಂಟಿಬಾಡಿ ಪರೀಕ್ಷೆ ಮಾಡಿಸಬಹುದಾ? ಗೊತ್ತಾಗಿ ಏನು ಪ್ರಯೋಜನ? ಸೀಲಿಯಾಕ್ ಬಗ್ಗೆ ಓದುವಾಗ ಅನ್ನಿಸಿದ್ದು, ದೊಡ್ಡವನಿಗೂ ಅದನ್ನು ನೋಡಿಸಬೇಕಾ? ಅವನಿಗೆ ಆಗಾಗ ಹೊಟ್ಟೆ ಉಬ್ಬರಿಸುತ್ತೆ.

ಟೈಪ್ 1 ಮಗಳ ಅಪ್ಪ

ಮಾಡಿಸಬಹುದು, ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಆಂಟಿಬಾಡಿಗಳು ಬಹಳ ಮಕ್ಕಳಲ್ಲಿ ಒಂಬತ್ತು ತಿಂಗಳಿನಿಂದ ಎರಡು ವರ್ಷದ ನಡುವೆ ಮೊದಲು ಕಾಣುತ್ತವೆ. ಹುಟ್ಟಿದ ಕೂಡಲೇ ಮಾಡಿಸಿ ಪ್ರಯೋಜನವಿಲ್ಲ. ಎರಡೇ ಸಲ ಮಾಡಿಸುವುದಾದರೆ ಮಗುವಿಗೆ ಎರಡು ವರ್ಷ ಮತ್ತು ಆರು ವರ್ಷ ತುಂಬಿದಾಗ ಒಳ್ಳೆಯ ಸಮಯ. ಒಂದೇ ಬಗೆಯ ಆಂಟಿಬಾಡಿ ಇದ್ದರೆ ಅಷ್ಟು ಹೆದರಬೇಕಿಲ್ಲ. ಎರಡು ಅಥವಾ ಹೆಚ್ಚು ಬಗೆಯವು ರಕ್ತದಲ್ಲಿ ಉಳಿದುಕೊಂಡರೆ ಹತ್ತು ವರ್ಷದಲ್ಲಿ 100ಕ್ಕೆ 70 ಮಕ್ಕಳಿಗೆ ಕಾಯಿಲೆ ಬರುತ್ತದೆ. ಪ್ರಯೋಜನ ಇಷ್ಟು: ಮಗು ಪ್ರಜ್ಞೆ ತಪ್ಪಿ ಐಸಿಯು ಸೇರುವ ಮೊದಲೇ ನಿಮಗೆ ಗೊತ್ತಿರುತ್ತದೆ. 2022ರಲ್ಲಿ ಅಮೆರಿಕದಲ್ಲಿ ಟೆಪ್ಲಿಝುಮ್ಯಾಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು, ಅದು ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ, ಎಂಟು ವರ್ಷ ಮೇಲ್ಪಟ್ಟವರಿಗೆ ಎಂದು ಶುರುವಾಯಿತು.

ಪರೀಕ್ಷೆ ಸಿಗದಿದ್ದರೂ ಲಕ್ಷಣ ನಿಮಗೆ ಗೊತ್ತೇ ಇದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುವುದು, ತೂಕ ಇಳಿಯುವುದು. ಕೂಸಿಗೆ ಡಯಾಪರ್ ಮಾಮೂಲಿಗಿಂತ ಭಾರವಾಗಿದ್ದರೂ ಗಮನಿಸಿ. ಇವು ಕಂಡರೆ ಮನೆಯಲ್ಲಿರುವ ಮಗನ ಮೀಟರಿನಲ್ಲೇ ತಕ್ಷಣ ಸಕ್ಕರೆ ನೋಡಿ, ಹೆಚ್ಚಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿ, ಏದುಸಿರು ಶುರುವಾದರೆ ಒಂದು ನಿಮಿಷವೂ ಕಾಯಬೇಡಿ.

ಮಕ್ಕಳ ವೈದ್ಯೆ

ದೊಡ್ಡ ಮಗನಿಗೆ ಸೀಲಿಯಾಕ್ ಪರೀಕ್ಷೆ ಖಂಡಿತ ಮಾಡಿಸಿ. ಎರಡೂ ಕಾಯಿಲೆಗೆ ಹಾದಿ ಮಾಡುವ ಜೀನ್‌ಗಳು ಒಂದೇ ಗುಂಪಿನವು. ಟೈಪ್ 1 ಇರುವ ಮಕ್ಕಳಲ್ಲಿ ಸೀಲಿಯಾಕ್ ಬೇರೆ ಮಕ್ಕಳಿಗಿಂತ ಎಷ್ಟೋ ಹೆಚ್ಚು. ಕಾಯಿಲೆ ಗೊತ್ತಾದಾಗ ಒಮ್ಮೆ, ಅಲ್ಲಿಂದ ಎರಡು ವರ್ಷಕ್ಕೆ ಮತ್ತು ಐದು ವರ್ಷಕ್ಕೆ ಮತ್ತೆ ನೋಡಬೇಕು ಎಂಬುದು ನಿಯಮ, ಲಕ್ಷಣ ಇದ್ದರೆ ಯಾವಾಗಲಾದರೂ. ಟಿಟಿಜಿ ಐಜಿಎ ಎಂಬ ರಕ್ತ ಪರೀಕ್ಷೆ ಕೇಳಿ, ಜೊತೆಗೆ ಒಟ್ಟು ಐಜಿಎ ಕೂಡ ಇರಲಿ. ಐಜಿಎ ಒಂದು ಬಗೆಯ ಆಂಟಿಬಾಡಿ. ಅದೇ ಕಡಿಮೆ ಇರುವ ಮಕ್ಕಳಲ್ಲಿ ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ.

ಸೀಲಿಯಾಕ್ ಮಗಳ ತಾಯಿ

ಒಂದು ಮಾತು ಅಕ್ಕ, ಪರೀಕ್ಷೆ ಆಗೋವರೆಗೂ ಅವನಿಗೆ ಗೋಧಿ ನಿಲ್ಲಿಸಬೇಡಿ. ಹೊಟ್ಟೆ ಉಬ್ಬರಿಸುತ್ತೆ ಅಂತ ಮೊದಲೇ ಬಿಡಿಸಿಬಿಟ್ಟರೆ ರಕ್ತದಲ್ಲಿ ಏನೂ ಸಿಗಲ್ಲ, ಮತ್ತೆ ತಿನ್ನಿಸಿ ವಾರಗಟ್ಟಲೆ ಕಾಯಬೇಕಾಗುತ್ತೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ. ಗೋಧಿ ಬಿಡಿಸೋ ಹಾಗಾದರೆ ಊಟ, ತಿಂಡಿ, ಇನ್ಸುಲಿನ್ ಲೆಕ್ಕ ಎಲ್ಲಾ ಹೇಗೆ ಹೊಂದಿಸೋದು ಅಂತ ನಾನು ಬರೆದು ಕಳಿಸ್ತೀನಿ.